ಹೊನ್ನೆ ಮರದ ನಾಲ್ಕು ತುಂಡು

ಮೈಸೂರು, ಅಗ್ರಹಾರ
ಭಾನುವಾರ, 2-11-1958

ಪ್ರೀತಿಯ ಮಗಳು ನಾಗಮಣಿಗೆ, ನಿನ್ನ ಅಪ್ಪ ಮಾಡುವ ಆಶೀರ್ವಾದ.

ಆರೋಗ್ಯ ಹೇಗಿದೆ ತಾಯಿ? ಕಾಲು ಊದಿಕೊಂಡಿದೆ ಎಂದು ಅಳಿಯಂದಿರ ಕಾಗದದಲ್ಲಿತ್ತು. ಉಪ್ಪು ಕಡಿಮೆ ಮಾಡಬೇಕಂತೆ, ಮಧ್ಯಾಹ್ನ ಕಾಲಡಿಗೆ ದಿಂಬಿಟ್ಟುಕೊಂಡು ಮಲಗಬೇಕಂತೆ. ಅಮ್ಮ ಪಕ್ಕದಲ್ಲೇ ಕೂತು ಬರೆಸುತ್ತಿದ್ದಾಳೆ. ಅಲ್ಲಿ ಕಾಡಿನ ಚಳಿ ಶುರುವಾಗಿರಬೇಕು, ಕಿವಿಗೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಹೋಗಬೇಡ. ಅಮ್ಮನಿಗೆ ಮಂಡಿನೋವು ಬಿಟ್ಟರೆ ಬೇರೇನೂ ಇಲ್ಲ. ವಠಾರದ ಸರೋಜಮ್ಮನವರು ನೀರಿಗೆ ಬಂದಾಗಲೆಲ್ಲ ನಿನ್ನನ್ನು ಕೇಳುತ್ತಾರೆ. ನಾನು ಇದ್ದೇನೆ. ಈ ಹದಿನೈದು ತಿಂಗಳಲ್ಲಿ ನೀನು ಬರೆದ ಕಾರ್ಡುಗಳೆಲ್ಲ ಅಮ್ಮನ ಹೆಸರಿಗೇ ಬಂದವು. ಅವಳಿಗೆ ಓದಿ ಹೇಳಿದವನು ನಾನು. ಒಂದರಲ್ಲೂ ಅಪ್ಪ ಹೇಗಿದ್ದಾನೆ ಎಂಬ ಮಾತಿರಲಿಲ್ಲ. ಅದು ನಿನ್ನ ತಪ್ಪು ಎಂದು ನಾನು ಹೇಳುತ್ತಿಲ್ಲ.

ನಿನಗೆ ಏಳು ತಿಂಗಳು ನಡೆಯುತ್ತಿದೆ, ಕರೆದುಕೊಂಡು ಹೋಗಿ ಎಂದು ಅಳಿಯಂದಿರು ಬರೆದಿದ್ದಾರೆ. ನೀನು ಮಾತ್ರ ‘ಸತ್ರೆ ಇಲ್ಲೇ ಸಾಯ್ತೀನಿ, ಆ ಲಾರಿ ಮಾತ್ರ ಹತ್ತಲ್ಲ’ ಎಂದೆಯಂತೆ. ಬಸ್ಸು ನಿಮ್ಮ ಮರ ಕಡಿಯುವ ಕ್ಯಾಂಪಿನಿಂದ ಹನ್ನೊಂದು ಮೈಲಿ ಆಚೆ, ಕಾಡಿನ ಗೇಟಿನಲ್ಲೇ ನಿಂತುಬಿಡುತ್ತದೆ. ಎತ್ತಿನ ಗಾಡಿ ಆ ಎರಡು ಹಳ್ಳ ದಾಟಲಾರದು ಎಂದು ನಿನಗೇ ಗೊತ್ತು. ನಾಲ್ಕು ಚಕ್ರವೂ ಎಳೆಯುವ ಆ ಹಳೇ ಮಿಲಿಟರಿ ಲಾರಿ ಬಿಟ್ಟರೆ ಅಲ್ಲಿಗೆ ಇನ್ಯಾವುದೂ ಬರುವುದಿಲ್ಲ. ಅದಕ್ಕೇ ಈ ಕಾಗದದಲ್ಲಿ ಲಾರಿಯ ವಿಷಯವನ್ನೇ ಬರೆಯುತ್ತೇನೆ. ಬಸುರಿ ಮಗಳಿಗೆ ಅಪ್ಪ ಮೆಕಾನಿಕ್ಕಿನ ಪುರಾಣ ಬರೆದಿದ್ದಾನೆ ಎಂದು ಅರ್ಧಕ್ಕೆ ಮಡಿಸಿಡಬೇಡ. ಕೊನೆಯವರೆಗೂ ಓದು.

ಟಿಂಬರ್ ಕಂಟ್ರಾಕ್ಟರ್ ಬಸವರಾಜು ಅವರು ಆ ಲಾರಿಯನ್ನು ಹೋದ ವರ್ಷ ಬೇಸಿಗೆಯಲ್ಲಿ ನನ್ನ ಶೆಡ್ಡಿಗೆ ತಂದರು. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಬಿಕರಿಯಾಗಿ ನಾಲ್ಕು ಕೈ ಬದಲಾಯಿಸಿದ ಗಾಡಿ. ಎತ್ತಿನ ಗಾಡಿಗೆ ಅಚ್ಚು ಇರುವಂತೆ ಲಾರಿಗೆ ಆಕ್ಸಲ್. ಚಕ್ರ ಗುಂಡಿಗೆ ಬಿದ್ದರೆ ಅದು ಮೇಲೆದ್ದು ಗಾಡಿಯ ಅಡಿಯ ಚೌಕಟ್ಟಿಗೆ, ಚಾಸಿಗೆ, ಬಡಿಯಲು ಬರುತ್ತದೆ. ಬಡಿಯದಂತೆ ತಡೆಯಲು ಎರಡರ ನಡುವೆ ಮುಷ್ಟಿಗಾತ್ರದ ರಬ್ಬರು ಇಟ್ಟಿರುತ್ತಾರೆ, ಒಂದೊಂದು ಚಕ್ರದ ಹತ್ತಿರ ಒಂದೊಂದು. ಬಂಪ್ ರಬ್ಬರ್ ಎನ್ನುತ್ತೇವೆ. ಆ ಲಾರಿಯಲ್ಲಿ ನಾಲ್ಕೂ ಬಿರಿದು ಪುಡಿಯಾಗಿದ್ದವು. ಗಾಡಿಯ ಭಾರ ಹೊರುವ ಕಮಾನು ಪಟ್ಟಿಗಳು, ಸ್ಪ್ರಿಂಗುಗಳು, ಕುಸಿದಿದ್ದರಿಂದ ಖಾಲಿ ಗಾಡಿಯಲ್ಲೂ ಪೆಟ್ಟು ಬೀಳುತ್ತಿತ್ತು. ಹೊಸ ರಬ್ಬರು ಅಚ್ಚು ಹಾಕಿಸಲು ಹದಿನೈದು ದಿನ ಬೇಕು ಎಂದೆ. ‘ಸೋಮವಾರ ಲೋಡೈತೆ ಕಣಪ್ಪ, ಏನಾದ್ರೂ ಮಾಡಿ ಬುಟ್ಬುಡು’ ಅಂದರು. ನಾನು ಹೊನ್ನೆ ಮರದ ನಾಲ್ಕು ತುಂಡು ಕೊಯ್ದು ಬೋಲ್ಟು ಬಿಗಿದೆ. ಅರ್ಧ ದಿನದ ಕೆಲಸ. ಮರ ಪೆಟ್ಟನ್ನು ನುಂಗುವುದಿಲ್ಲ, ಮೇಲಿರುವವರಿಗೆ ಹಾಗೆಯೇ ದಾಟಿಸುತ್ತದೆ. ಇದು ಗೊತ್ತಿಲ್ಲದೆ ಮಾಡಿದ್ದಲ್ಲ. ಮೇಲಿರುವುದು ದಿಮ್ಮಿ ತಾನೇ, ದಿಮ್ಮಿಗೇನು ನೋವು ಎಂದುಕೊಂಡೆ.

ಆ ಆಷಾಢದಲ್ಲಿ ಮಳೆ ಹಿಡಿದು ದಾರಿ ಮುಚ್ಚಿ, ಹೆರಿಗೆಗೆ ಕರೆತರಬೇಕಾದ ಸಮಯಕ್ಕೆ ನಿನ್ನನ್ನು ಕರೆತರಲಾಗಲಿಲ್ಲ. ಎರಡು ದಿನ ನೋವು ತಿಂದ ಮೇಲೆ ಅಳಿಯಂದಿರು ಲಾರಿಗೆ ಅಡ್ಡ ನಿಂತು, ದಿಮ್ಮಿ ಇಳಿಸಿ, ನಿನ್ನನ್ನು ಹತ್ತಿಸಿದರು. ಡ್ರೈವರ್ ಕೆಂಪಯ್ಯ ಐದು ಗಂಟೆ ಓಡಿಸಿಕೊಂಡು ಬಂದ. ಇದೆಲ್ಲ ನೀನು ಬಲ್ಲೆ. ನೀನು ಅರಿಯದ್ದು ಇಷ್ಟು. ಆ ಮಧ್ಯಾಹ್ನ ನಾನು ಇಲವಾಲದ ಹತ್ತಿರ ಶೆಡ್ಡಿನಲ್ಲಿದ್ದೆ. ತಿರುವಿನಾಚೆಯಿಂದ ಧಡ್, ಧಡ್ ಎಂದು ಕೇಳಿಸಿತು. ಗಾಡಿ ಕಾಣುವ ಮೊದಲೇ ಯಾವ ಗಾಡಿ ಎಂದು ಗೊತ್ತಾಯಿತು. ಟೀ ಕುಡಿಯುತ್ತ ಕೂತಿದ್ದವರಿಗೆ ‘ನೋಡ್ರಪ್ಪ, ನನ್ ಮರ ಇನ್ನೂ ಎಷ್ಟ್ ಗಟ್ಟಿಯಾಗೈತೆ’ ಎಂದೆ. ಹೆಮ್ಮೆಯಿಂದಲೇ ಎಂದೆ ಮಗಳೇ. ಲಾರಿ ನಿಂತಿತು. ಕೆಂಪಯ್ಯ ಇಳಿದು ಬಂದು ನನ್ನ ಮುಖ ನೋಡದೆ ನಿಂತ. ಹಿಂದಿನ ಹಲಗೆ ಹಿಡಿದು ಹತ್ತಿ ನೋಡಿದರೆ ಗೋಣಿ ತಾಟಿನ ಮೇಲೆ ನೀನು, ಸೆರಗು ಕಚ್ಚಿಕೊಂಡು, ಪಕ್ಕದ ಸರಪಣಿ ಹಿಡಿದುಕೊಂಡು. ‘ನಿಧಾನಕ್ಕೆ ಓಡ್ಸಕ್ಕೆ ಹೇಳಪ್ಪ’ ಎಂದೆ ನೀನು. ಅಲ್ಲಿಂದ ಆಸ್ಪತ್ರೆಯವರೆಗೆ ನಿನ್ನ ತಲೆ ನನ್ನ ತೊಡೆಯ ಮೇಲಿತ್ತು. ಒಂದೊಂದು ಪೆಟ್ಟೂ ಎಲ್ಲಿಂದ ಬರುತ್ತಿದೆ ಎಂದು ನನಗೆ ಗೊತ್ತಿತ್ತು.

ಮಗು ಹುಟ್ಟುವಾಗಲೇ ಉಸಿರಿರಲಿಲ್ಲ. ಲೇಡಿ ಡಾಕ್ಟರನ್ನು ಕಾರಿಡಾರಿನಲ್ಲಿ ನಿಲ್ಲಿಸಿ, ಲಾರಿಯ ಕುಲುಕಾಟದಿಂದ ಹೀಗಾಯಿತೇ ಎಂದು ಕೇಳಿದೆ. ‘ಎರಡು ದಿನ ತಡವೂ ಆಗಿದೆ, ಕುಲುಕಾಟವೂ ಆಗಿದೆ. ಯಾವುದರಿಂದ ಅಂತ ಹೇಳಕ್ಕಾಗಲ್ಲ’ ಎಂದರು. ಹೌದು ಎಂದಿದ್ದರೆ ಅತ್ತುಬಿಡುತ್ತಿದ್ದೆ, ಅಲ್ಲ ಎಂದಿದ್ದರೆ ಉಸಿರಾಡುತ್ತಿದ್ದೆ. ಅವರು ಎರಡನ್ನೂ ಹೇಳಲಿಲ್ಲ. ನಿನಗೆ ಎಚ್ಚರವಾಗುವ ಮೊದಲೇ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಣ್ಣು ಮಾಡಲು ಹೊರಟುಹೋದೆ. ‘ಒಂದ್ಸಲ ಮುಖ ತೋರಿಸಬಾರದಿತ್ತೇನಪ್ಪ’ ಎಂದು ಮಾರನೆಯ ದಿನ ನೀನು ಕೇಳಿದೆ. ನಾನು ಎದ್ದು ಬಂದೆ. ಆಮೇಲೆ ಆ ವಾರ್ಡಿಗೆ ಕಾಲಿಡಲಿಲ್ಲ. ಅಪ್ಪನ ಎದೆ ಕಲ್ಲು ಎಂದುಕೊಂಡೆ ನೀನು. ನಿನ್ನ ಮಂಚದ ಹತ್ತಿರ ನಿಂತರೆ ಮರದ ವಿಷಯ ಬಾಯಿಗೆ ಬಂದುಬಿಡುತ್ತದೆ ಎಂಬ ಹೆದರಿಕೆ ನನಗೆ. ಈಗ ಹೇಳುತ್ತೇನೆ ಕೇಳು. ಗಂಡು ಮಗು. ತಲೆತುಂಬ ಕೂದಲಿತ್ತು, ಹಣೆ ನಿನ್ನದೇ. ಎಡಗಿವಿಯ ತುದಿ ಒಂದಿಷ್ಟು ಮಡಿಸಿಕೊಂಡಿತ್ತು. ಹುಟ್ಟಿದಾಗ ನಿನಗೂ ಹಾಗೇ ಇತ್ತು, ಅಮ್ಮ ಎಣ್ಣೆ ಹಚ್ಚಿ ತೀಡಿ ಸರಿಮಾಡಿದ್ದಳು.

ಅಳಿಯಂದಿರ ಕಾಗದ ಬಂದ ದಿನ ಅಮ್ಮನಿಗೆ ಎಲ್ಲ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ಪಕ್ಕಕ್ಕಿಟ್ಟು ಒಳಗೆ ಹೋದಳು. ನಾಲ್ಕು ದಿನ ತಟ್ಟೆ ಇಟ್ಟು ಆಚೆ ಹೋಗುತ್ತಿದ್ದಳು. ಐದನೆಯ ದಿನ ‘ಮೊದ್ಲು ಆ ಮರ ಕೀಳಿ. ಮಿಕ್ಕಿದ್ದು ಆಮೇಲೆ’ ಎಂದಳು. ಬಸವರಾಜು ಅವರ ಹತ್ತಿರ ಹೋದೆ. ‘ಚೆನ್ನಾಗೇ ಐತಲ್ಲಯ್ಯ, ಯಾಕ್ ಕೀಳ್ತೀಯ?’ ಎಂದರು. ಅವರಿಗೂ ಹೇಳಿದೆ. ಬೀಡಿಯನ್ನು ನೆಲಕ್ಕೆ ಹೊಸಕಿ, ಒಂದು ತಿಂಗಳು ಗಾಡಿ ಇಟ್ಟುಕೋ ಎಂದು ಕೀಲಿಕೈ ಕೊಟ್ಟರು.

ಮಂಡಿ ಮೊಹಲ್ಲಾದಲ್ಲಿ ರಬ್ಬರು ಬೇಯಿಸಿ ಅಚ್ಚು ಹಾಕುವ ದೊರೆಸ್ವಾಮಿ ಎಂಬವರಿದ್ದಾರೆ. ಅವರಿಂದ ಮೂರು ಥರ ಮಾಡಿಸಿದೆ. ಮೊದಲನೆಯದು ಲಾರಿ ಟೈರಿನಷ್ಟು ಗಟ್ಟಿ. ಎರಡನೆಯದು ಮಕ್ಕಳು ಪೆನ್ಸಿಲ್ ಬರಹ ಅಳಿಸುವ ರಬ್ಬರಿನ ಹಾಗೆ, ಉಗುರು ಊರಿದರೆ ಇಳಿಯುವಷ್ಟು ಮೆತ್ತಗೆ. ಮೂರನೆಯದು ಎರಡಂಗುಲ ಎತ್ತರ ಜಾಸ್ತಿ, ಒಳಗೆ ಪೊಳ್ಳು. ಒತ್ತಿದರೆ ಮೊದಲು ಸುಲಭವಾಗಿ ತಗ್ಗಿ, ಒತ್ತುತ್ತ ಹೋದಂತೆ ಬಿಗಿಯಾಗುತ್ತದೆ. ಕೈಯಲ್ಲಿ ಹಿಡಿದು ನೋಡಿದರೆ ಮೂರೂ ಸರಿಯೆನಿಸುತ್ತವೆ. ಡ್ರೈವರ್ ಸೀಟಿನಲ್ಲಿ ಕೂತವನಿಗೆ ಹಿಂದೆ ಮಲಗಿದವರ ಪಾಡು ತಿಳಿಯುವುದಿಲ್ಲ. ಇದನ್ನು ಮನೆಯಲ್ಲಿ ಹೇಳುತ್ತಿದ್ದಾಗ ಅಮ್ಮ ಒಲೆ ಮುಂದಿನಿಂದ ‘ನೀವು ಓಡ್ಸಿ. ನಾನ್ ಮಲಗ್ತೀನಿ’ ಎಂದಳು.

ಮಲಗಿದಳು ನಾಗಮಣಿ. ಐವತ್ತೆರಡು ವರ್ಷದವಳು, ಮಂಡಿನೋವಿನವಳು, ಅದೇ ಥರದ ಗೋಣಿ ತಾಟು ಹಾಸಿಕೊಂಡು, ಅದೇ ಸರಪಣಿ ಹಿಡಿದು. ಇಲವಾಲ ದಾಟಿ ಎಡಕ್ಕೆ ಕೆರೆಗೆ ಹೋಗುವ ಗಾಡಿಜಾಡಿದೆ, ನಿಮ್ಮ ಕಾಡಿನ ದಾರಿಗಿಂತ ಕೆಟ್ಟದ್ದು. ಅದರಲ್ಲೇ ಓಡಿಸಿದೆ. ಗಟ್ಟಿ ರಬ್ಬರು ಹಾಕಿದ ದಿನ ಅವಳು ಇಳಿದು ಬೇಲಿ ಪಕ್ಕ ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಂಡು ‘ಐದ್ ಗಂಟೆ ಇಂಗೇ ಬಂದ್ಳಾ ನನ್ ಮಗಳು?’ ಎಂದು ಕೇಳಿದಳು. ಮರ ಇದಕ್ಕಿಂತಲೂ ಕಷ್ಟವಿತ್ತು; ನಾನು ಸ್ಪ್ಯಾನರ್ ಹಿಡಿದು ಆ ರಬ್ಬರು ಬಿಚ್ಚಲು ಗಾಡಿಯ ಕೆಳಗೆ ನುಸುಳಿದೆ. ಮೆತ್ತನೆಯದು ಅರ್ಧ ದಾರಿ ಹಾಯಾಗಿತ್ತು. ಒಂದು ದೊಡ್ಡ ಗುಂಡಿಯಲ್ಲಿ ಪೂರ್ತಿ ಅಪ್ಪಚ್ಚಿಯಾಗಿ ಕಬ್ಬಿಣಕ್ಕೆ ಕಬ್ಬಿಣ ಹೊಡೆದು, ಅವಳ ತಲೆ ಹಲಗೆಗೆ ಬಡಿಯಿತು. ಬರಿಯ ಮೆತ್ತಗಿದ್ದರೆ ಸಾಲದು ಎಂದು ಅಲ್ಲಿ ಕಲಿತೆ. ಕುಸಿದ ಕಮಾನು ಪಟ್ಟಿಗಳನ್ನೂ ಬಿಚ್ಚಿ, ಕಾಸಿ ಬಡಿಸಿ ಮೇಲೆತ್ತಿಸಿದೆ. ಗುರುವಾರ ಪೊಳ್ಳು ರಬ್ಬರು ಹಾಕಿ ಅದೇ ಗುಂಡಿಗೆ ಮತ್ತೆ ಇಳಿಸಿದೆ. ಹಿಂದಿನಿಂದ ಸದ್ದೇ ಇಲ್ಲ. ಗಾಬರಿಯಾಗಿ ನಿಲ್ಲಿಸಿ ಓಡಿಹೋಗಿ ನೋಡಿದರೆ, ಕಣ್ಣು ಬಿಟ್ಟುಕೊಂಡು ಆಕಾಶ ನೋಡುತ್ತ ಮಲಗಿದ್ದಾಳೆ. ಹೇಗಿತ್ತು ಎಂದೆ. ‘ತೂಗುತ್ತೆ ಕಣ್ರೀ. ಒದೆಯಲ್ಲ’ ಎಂದಳು. ಅವತ್ತು ಇಳಿಯುವಾಗ ನನ್ನ ಕೈ ಹಿಡಿದುಕೊಂಡಳು. ಮನೆಗೆ ಬಂದ ಮೇಲೆ ಮತ್ತೆ ತಟ್ಟೆ ಇಟ್ಟು ಆಚೆ ಹೋದಳು.

ಲಾರಿ ಕಾರಾಗಿಲ್ಲ ಮಗಳೇ, ಗುಂಡಿಗಳೂ ಮುಚ್ಚಿಲ್ಲ. ಅತ್ತಿತ್ತ ತೂಗಾಡುತ್ತದೆ, ಹೊಟ್ಟೆ ತೊಳಸಬಹುದು. ಆ ಪೆಟ್ಟು ಮಾತ್ರ ಇಲ್ಲ. ನಿನ್ನಿಂದ ಕ್ಷಮೆ ಕೇಳಲು ಇದನ್ನು ಬರೆಯಲಿಲ್ಲ. ಕೇಳುವಷ್ಟು ಮುಖ ನನಗಿಲ್ಲ. ಅಳಿಯಂದಿರಾದ ಮರಿಸ್ವಾಮಿಯವರಿಗೆ ನನ್ನ ನಮಸ್ಕಾರ ತಿಳಿಸು. ಈ ಕಾಗದ ಅವರೂ ಓದಲಿ. ಅಮ್ಮ ನಿನಗೆ ಕೊಬ್ಬರಿ ಉಂಡೆ ಕಟ್ಟಿದ್ದಾಳೆ. ತಾಯಿ ಚಾಮುಂಡಿ ನಿನ್ನನ್ನೂ ಹೊಟ್ಟೆಯಲ್ಲಿರುವುದನ್ನೂ ಕಾಪಾಡಲಿ.

ಇಂತಿ ನಿನ್ನ ಅಪ್ಪ,
ಚೆಲುವರಾಜು

ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಕೆಂಪಯ್ಯ ಕಾಗದ ಒಯ್ಯಲು ಬಂದು ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದಾನೆ. ನಿನ್ನ ಸೊಂಟದ ಮೂಳೆ ಇಕ್ಕಟ್ಟು ಎಂದು ಡಾಕ್ಟರು ಆಸ್ಪತ್ರೆಯಲ್ಲೇ ನನಗೆ ಹೇಳಿದ್ದರು. ಮುಂದಿನ ಸಲ ನೋವು ಬರುವವರೆಗೆ ಕಾಯುವ ಹಾಗಿಲ್ಲ, ಎಂಟರಲ್ಲೇ ಕರೆತರಬೇಕು, ಆಪರೇಷನ್ ಮಾಡಿಯೇ ಮಗು ತೆಗೆಯಬೇಕು. ಕಾಡಿನಲ್ಲಿ ನೋವು ಶುರುವಾದರೆ ತಾಯಿಯೂ ಉಳಿಯುವುದಿಲ್ಲ ಎಂದರು. ನಿನಗೂ ಅಳಿಯಂದಿರಿಗೂ ತಿಳಿಸಬೇಕಾಗಿದ್ದವನು ನಾನು. ನಿನ್ನೆದುರು ನಿಲ್ಲಲಾರದೆ ತಿಳಿಸಲಿಲ್ಲ. ಅಮ್ಮನಿಗೂ ಹೇಳಿಲ್ಲ. ಇದನ್ನೇ ಮೊದಲು ಬರೆದಿದ್ದರೆ, ಅಪ್ಪ ಹೆದರಿಸಿ ಕರೆಸಿಕೊಳ್ಳುತ್ತಿದ್ದಾನೆ ಎನ್ನುತ್ತಿದ್ದೆ ನೀನು. ನಾನು ಎಂಥವನೆಂದು ಈಗ ನಿನಗೆ ಪೂರ್ತಿ ಗೊತ್ತು. ಆದರೂ ಬಾ. ಶನಿವಾರ ಬೆಳಿಗ್ಗೆ ಅಮ್ಮನನ್ನು ಕೂರಿಸಿಕೊಂಡು ಲಾರಿ ತರುತ್ತೇನೆ. ನಾನು ಸೀಟಿನಿಂದ ಇಳಿಯುವುದಿಲ್ಲ, ಹಿಂದಕ್ಕೆ ತಿರುಗಿಯೂ ನೋಡುವುದಿಲ್ಲ. ನನ್ನೊಡನೆ ನೀನು ಮಾತನಾಡಬೇಕಾಗಿಲ್ಲ. ಲಾರಿ ಹತ್ತು, ಸಾಕು.