ಕೊಂಡು ತಂದ ಲಿಂಕುಗಳು

ಮಂಗಳವಾರ, ಹದಿನಾಲ್ಕು.

ಇವತ್ತು ಒಬ್ಬ ಮನುಷ್ಯನ ಮೊಣಕೈ ಮುರಿದೆ.

ಬೀಗ ರಿಪೇರಿಯವರು ಬೆಳಿಗ್ಗೆ ಸುತ್ತಿಗೆ ಹಿಡಿದೇ ಆಫೀಸಿಗೆ ನುಗ್ಗಿದರು. ನಾವು ನೋಡಿಕೊಳ್ಳುವ ಅವರ ವೆಬ್‌ಸೈಟ್ ಗೂಗಲ್‌ನಲ್ಲಿ ಹುಡುಕಿದರೂ ಸಿಗದಂತಾಗಿ ಮೂರು ವಾರವಾಯಿತು. ಅಂಗಡಿಗೆ ಒಂದು ಫೋನೂ ಬರುತ್ತಿಲ್ಲ. ನನ್ನ ತಮ್ಮ ಜೂಜಿನ ಸೈಟುಗಳಿಂದ, ಪಾಳುಬಿದ್ದ ಬ್ಲಾಗುಗಳಿಂದ ಅದರತ್ತ ಬೊಟ್ಟುಮಾಡುವ ನಾಲ್ಕು ಸಾವಿರ ಲಿಂಕ್ ಕೊಂಡಿದ್ದ, ಸೈಟು ಹುಡುಕಾಟದಲ್ಲಿ ಮೇಲೆ ಬರಲಿ ಎಂದು. ಯೋಗ್ಯರು ತಾವಾಗಿ ಕೊಟ್ಟ ಹತ್ತು ಲಿಂಕ್ ಸಾಕು, ಇಂಥ ಕೊಂಡವು ಗೂಗಲ್ ಕಣ್ಣಿಗೆ ಬಿದ್ದರೆ ಸೈಟನ್ನೇ ಮುಳುಗಿಸುತ್ತವೆ ಎಂದು ಅವನಿಗೆ ಕಲಿಸಿದವಳೇ ನಾನು.

"ನನ್ನ ಹೊಟ್ಟೆ ಮೇಲೆ ಹೊಡೆದ್ಯಲ್ಲೋ!" ಎಂದು ಕಿರುಚಿ ಮಾನಿಟರ್ ಒಡೆದರು. ಸುತ್ತಿಗೆ ಬಿಸಾಡಿ, ತಮ್ಮನ ಕತ್ತಿನ ಪಟ್ಟಿ ಹಿಡಿದು ತಲೆಯನ್ನು ಮೇಜಿಗೆ ಚಚ್ಚಿದರು. ಎರಡು ಸಲ. ಮೂರನೆಯದಕ್ಕೆ ನಾನು ಕಬ್ಬಿಣದ ಕುರ್ಚಿ ಎತ್ತಿ ಬೀಸಿದೆ. ಮೂಳೆ ಮುರಿದ ಸದ್ದು ಕೇಳಿ, ದೇವರೇ, ಒಂದು ಕ್ಷಣ ಖುಷಿಯಾಯಿತು.

ಅವರು ನೆಲದ ಮೇಲೆ ಕುಸಿದು ಕೇಳಿದರು, "ನಿಮ್ಗೂ ಗೊತ್ತಿತ್ತೇನಮ್ಮಾ?"

"ಇಲ್ಲ, ನಂಗೇನೂ ಗೊತ್ತಿರ್ಲಿಲ್ಲ."

ಗೊತ್ತಿತ್ತು. ಆ ಲಿಂಕುಗಳ ಪಟ್ಟಿಯನ್ನು ತಮ್ಮ ಕೊಂಡ ಮೊದಲ ವಾರವೇ ನೋಡಿದ್ದೆ. ಆಗ ಸೈಟು ಮೇಲೇರುತ್ತಿತ್ತು, ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ. ತಮ್ಮನ ಹಣೆಗೆ ಆರು ಹೊಲಿಗೆ ಬಿದ್ದಿದೆ. ಆ ಮನುಷ್ಯ ನನ್ನ ಮಾತು ನಂಬಿ, "ಹಾಗಾದ್ರೆ ನಿಮ್ದೇನೂ ತಪ್ಪಿಲ್ಲ ಬಿಡಿ" ಎಂದರು. ಆ ಕೈಯನ್ನು ಎದೆಗವಚಿಕೊಂಡು ಹಾಗೆ ಅಂದರಲ್ಲ, ಅದನ್ನು ಹೇಗೆ ಮರೆಯಲಿ?