ವಿಷ್ಣು ಮತ್ತೆ ಹಾರಿದ

ದಿವಂಗತ ಡ್ರಮ್ಮರ್ ಸೆಲ್ವರಾಜ್ ಅವರ ದಿವ್ಯ ಸನ್ನಿಧಾನಕ್ಕೆ,

ಮಾರಾಯ, ನಮ್ಮ ವಿಷ್ಣುಪ್ರಸಾದ ಮತ್ತೆ ಹಾರಿದ! ನಿನ್ನೆ ಸಂಜೆ, ನಿಮ್ಮೂರು ಭದ್ರಾವತಿಯಲ್ಲೇ. ಕೋಟೆ ಬೀದಿಯ ಪುರೋಹಿತರ ಮಗ ಮಂತ್ರ ಬಿಟ್ಟು ಪಂಕ್ ರಾಕ್ ಕಿರುಚಲು ಹೊರಟು ನಲವತ್ತು ವರ್ಷವಾಯಿತು, ಗಂಟಲು ಇನ್ನೂ ಹರಿದಿಲ್ಲ. ಕೊನೆಯ ಹಾಡಿನಲ್ಲಿ ಅವನು ನಿನ್ನ ಹೆಸರು ಕೂಗುವುದು, ನೀನು ಬಾರಿಸುವುದು, ಅವನು ಸ್ಪೀಕರ್ ಮೇಲಿಂದ ಹಾರುವುದು ನಮ್ಮ ಬ್ಯಾಂಡಿನ ಮಂಗಳಾರತಿಯಾಗಿತ್ತಲ್ಲ? ನೀನು ಹೋದ ಮೇಲೆ ಅದು ನಿಂತಿತ್ತು. ಕೇಳಿದರೆ "ಮಂಡಿ ನೋವು ಕಣೋ" ಅನ್ನುತ್ತಿದ್ದ. ಬೇಸ್ ಗಿಟಾರ್ ಹಿಡಿದು ಪಕ್ಕದಲ್ಲೇ ನಿಲ್ಲುವ ನಾನೂ ನಂಬಿದವನಂತೆ ಇದ್ದೆ.

ನಿನ್ನೆ ಜನ ಕುಣಿದ ರಭಸಕ್ಕೆ ಮೈಮರೆತು ಸ್ಪೀಕರ್ ಹತ್ತಿ, "ಸೆಲ್ವಾ, ಹೊಡಿಯೋ!" ಎಂದುಬಿಟ್ಟ. ನನ್ನ ಕೈ ನಿಂತೇಹೋಯಿತು. ನಿನ್ನ ಜಾಗದಲ್ಲಿ ಕೂರುವ ಕವನಾ, ಇಪ್ಪತ್ತರ ಹುಡುಗಿ, ಹಿಂದೆಮುಂದೆ ನೋಡದೆ ಬಾರಿಸಿದಳು ನೋಡು! ಅರವತ್ತೈದರ ಮುದುಕ ಗಾಳಿಯಲ್ಲಿ! ಎರಡೂ ಕಾಲ ಮೇಲೇ ಇಳಿದ. ಮಂಡಿಯಲ್ಲ ಅದು, ಭದ್ರಾವತಿ ಉಕ್ಕು! ಇಳಿದವನು ನಗುತ್ತಾ ಡ್ರಮ್ಸ್ ಕಡೆ ತಿರುಗಿದ. ಅಲ್ಲಿ ಅವಳನ್ನು ಕಂಡು ಮುಂದಿನ ಸಾಲು ಮರೆತ. ಜನರೇ ಹಾಡಿ ಮುಗಿಸಿದರು.

ಆಮೇಲೆ ಕವನಾ, "ಅಂಕಲ್, ಸೆಲ್ವಾ ಯಾರು?" ಎಂದಳು. ವಿಷ್ಣು ಮಂಡಿ ಒತ್ತಿಕೊಂಡ, ನಾನು ಗಿಟಾರ್ ಒರೆಸತೊಡಗಿದೆ. ಮುದುಕರ ಮುಖ ನೋಡಿ ಅವಳೇ ಅಂದಳು, "ಸರಿ ಬಿಡಿ, ನಾಳೆ ಶಿವಮೊಗ್ಗದಲ್ಲೂ ಹಾಗೇ ಕರೀರಿ. ಹೊಡಿಯೋಳು ನಾನಲ್ವಾ?"

ಇವತ್ತು ಸಂಜೆ ಶಿವಮೊಗ್ಗದ ವಿನೋಬನಗರದಲ್ಲಿ ಕಾರ್ಯಕ್ರಮ. ವಿಷ್ಣು ಬೆಳಿಗ್ಗೆಯಿಂದ ಮಂಡಿಗೆ ಎಣ್ಣೆ ತಿಕ್ಕುತ್ತಾ ನಿನ್ನ ಹೆಸರು ಕೂಗಿ ಗಂಟಲು ಹದ ಮಾಡಿಕೊಳ್ಳುತ್ತಿದ್ದಾನೆ. ನೀನು ಓಗೊಟ್ಟುಬಿಡಬೇಡ ಮಾರಾಯ, ಹುಡುಗಿಗೆ ತಾಳ ತಪ್ಪೀತು.