ಅವಿರೋಧ ಮುರಿದ ಊರು

ಅಪ್ಪ,

ನೀನು ತೀರಿಕೊಂಡ ಮೇಲೆ ಬಂದ ಮೊದಲ ಚುನಾವಣೆಯಲ್ಲಿ ಗೆದ್ದೆ ಕಣಪ್ಪ! ಅದಕ್ಕಿಂತ ದೊಡ್ಡ ಸುದ್ದಿ, ನಮ್ಮ ಪಂಚಾಯ್ತಿಯಲ್ಲಿ ಯಾರಿಗೂ ಬಹುಮತವಿಲ್ಲ. ಮೂವತ್ತು ವರ್ಷ ದೊಡ್ಡಮನೆಯವರು ಹೇಳಿದವರೇ ಅವಿರೋಧವಾಗಿ ಆಯ್ಕೆಯಾಗುತ್ತಿದ್ದ ಊರಲ್ಲಿ ಈಗ ಮೂರು ಪಕ್ಷಗಳ ಬೆಂಬಲಿಗರಿದ್ದಾರೆ, ಜೊತೆಗೆ ಯಾವ ಪಕ್ಷಕ್ಕೂ ಸೇರದ ನಾನು. ಹಳ್ಳಿಮೈಸೂರಿನವರೆಗೂ ಇದೇ ಮಾತು.

ಇವತ್ತು ಮೊದಲ ಸಭೆ. ಎರಡು ಗಂಟೆ ಕಿತ್ತಾಡಿದೆವು. ನಮ್ಮ ಕೇರಿಯ ನೀರಿನ ಪೈಪಿನ ವಿಷಯ ಎತ್ತಿದಾಗ ದೊಡ್ಡಮನೆಯ ಕಾಂತರಾಜಣ್ಣ, "ಅದ್ನೆಲ್ಲಾ ಆಮೇಲ್ ನೋಡಾನ, ಕೂತ್ಕಳವ್ವ," ಎಂದರು. ಉಳಿದೆರಡು ಪಕ್ಷದವರು, "ಈಗ್ಲೇ ಆಗ್ಬೇಕು," ಎಂದು ನನ್ನ ಜೊತೆ ಎದ್ದು ನಿಂತರು. ಪ್ರೀತಿಯಿಂದಲ್ಲ, ಅವರಿಗೆ ನನ್ನ ಒಂದು ಮತ ಬೇಕಲ್ಲ! ಪೈಪು ಮಂಜೂರಾಯಿತು.

ಎಮರ್ಜೆನ್ಸಿಯಲ್ಲಿ ಜೈಲು ಕಂಡು ಬಂದ ನೀನು, "ಎದುರು ಮಾತಾಡೋರು ಇಲ್ದಿದ್ರೆ ಊರಿಗೆ ಕಿವಿನೇ ಇರಾಕಿಲ್ಲ ಕಣವ್ವ," ಅನ್ನುತ್ತಿದ್ದೆ. ಹೋದ ಸಲ ನನ್ನ ನಾಮಪತ್ರಕ್ಕೆ ಸೂಚಕನಾಗಿ ಸಹಿ ಹಾಕಿದ್ದೂ ನೀನೇ. ದೊಡ್ಡಮನೆಯವರಿಗೆ ಹೆದರಿ, ನಿನಗೂ ಹೇಳದೆ ನಾನು ಅದನ್ನು ವಾಪಸ್ ತೆಗೆದುಕೊಂಡೆ. ಮತ್ತೆ ಅವಿರೋಧ ಆಯ್ಕೆಯಾಗಿ ಮತದಾನವೇ ಇಲ್ಲದೆ ಹೋದ ಆ ದಿನ, ನೀನು ಓಟು ಹಾಕಲೆಂದು ಇಸ್ತ್ರಿ ಮಾಡಿಸಿಟ್ಟಿದ್ದ ಅಂಗಿ ತೊಟ್ಟು ಜಗಲಿಯ ಮೇಲೆ ಕೂತಿದ್ದೆ.

ಸಭೆ ಮುಗಿಸಿ ಹೊರಗೆ ಬರುವಾಗ ಕಾಂತರಾಜಣ್ಣ ಸಿಟ್ಟಿನಿಂದ, "ಮುಂದ್ಲ ಸಲ ನಿನ್ನೆದ್ರು ನಾನೇ ನಿಂತ್ಕತೀನಿ, ನೋಡ್ತಿರು," ಎಂದರು.

"ನಿಂತ್ಕಳಣ್ಣಾ, ನಿಂತ್ಕ!" ಎಂದೆ. ಖುಷಿಯಾಯಿತಪ್ಪ, ಮುಂದಿನ ಸಲವೂ ನಮ್ಮೂರಲ್ಲಿ ಓಟು ನಡೆಯುತ್ತದೆ.

ನಿನ್ನ ರೂಪಶ್ರೀ